ಗುಮ್ಮ ಬಾರದ ರಾತ್ರಿ

ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ಅವನು ಸುಳ್ಳು ಹೇಳುವ ಪೈಕಿ ಅಲ್ಲ. ಸುಳ್ಳು ಹೇಳಬೇಕೆಂದರೆ ಮೊದಲು ಬಾಯಿ ಬಿಡಬೇಕು, ಅವನಿಗೆ ಅದೇ ಕಷ್ಟ. ನಂಬುವುದು ಬಿಡುವುದು ನಿಮ್ಮಿಷ್ಟ... ಆದರೆ ಆ ಬಾಗಿಲೊಂದು ಹಾಕಿಕೊಂಡು ಬನ್ನಿ.

ರಾತ್ರಿ. ಅಂಗಡಿಗಳೆಲ್ಲ ಮುಚ್ಚಿದ್ದವು. ಅವನು ಕೆಲಸ ಮುಗಿಸಿಕೊಂಡು ಬೇಕರಿ ಹಿಂದಿನ ಓಣಿಯಲ್ಲಿ ಬರುತ್ತಿದ್ದ. ಬೆನ್ನ ಮೇಲೆ ಬೇಸ್ ಗಿಟಾರಿನ ಚೀಲ, ಕೈಯಲ್ಲಿ ಸ್ಪ್ಯಾನರ್ ಪೆಟ್ಟಿಗೆ. ಆ ಓಣಿಯಲ್ಲಿ ಒಂದು ಹಳೇ ಬಾವಿ ಇದೆ. ನೀರು ಬತ್ತಿ ಯಾವ ಕಾಲವಾಯಿತೋ. ಯಾರೂ ಬೀಳದಿರಲಿ ಎಂದು ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಬಾವಿಯ ಹತ್ತಿರ ಬಂದಾಗ ಕೇಳಿಸಿತು.

ಗುಂ... ಗುಂ... ಗುಂಗುಂ.

ನಿಂತುಬಿಟ್ಟ. ಸದ್ದು ಬೇಕರಿಯ ಉಗ್ರಾಣದಿಂದ ಬರುತ್ತಿತ್ತು. ಬೇಸ್. ಅವನು ನುಡಿಸಬೇಕಾದ ಹಾಡು, ಅವನು ನುಡಿಸಬೇಕಾದ ಸ್ವರ. ಅವನ ಬೇಸ್ ಮಾತ್ರ ಅವನ ಬೆನ್ನ ಮೇಲೇ ಇತ್ತು. ಚೀಲದ ಜಿಪ್ ಕೂಡ ಎಳೆದಿರಲಿಲ್ಲ.

ಇವನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವನು ಯಾಕೆ ಅಲ್ಲಿಂದ ಓಡಲಿಲ್ಲ ಅನ್ನುವುದು ನಿಮಗೆ ತಿಳಿಯುವುದಿಲ್ಲ. ಲಿಫ್ಟ್ ರಿಪೇರಿ ಅವನ ಕೆಲಸ. ದಿನವಿಡೀ ಕತ್ತಲ ಗುಂಡಿಯಲ್ಲಿ, ಕೈಗೆಲ್ಲ ಗ್ರೀಸು, ಒಬ್ಬನೇ. ಲಿಫ್ಟ್ ಓಡುತ್ತಿರುವಷ್ಟು ಕಾಲ ರಿಪೇರಿಯವನ ನೆನಪು ಯಾರಿಗೂ ಆಗುವುದಿಲ್ಲ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಯಾರೂ ಒತ್ತಿ ಕೇಳಲೂ ಇಲ್ಲ. ಬೀಗದ ಕೈ ಮಾಡುವ ಅಂಗಡಿಯ ಮೇಲೊಂದು ಬಾಡಿಗೆ ರೂಮು. ರಾತ್ರಿ ಅಕ್ಕಪಕ್ಕದವರಿಗೆ ತೊಂದರೆಯಾಗದಿರಲಿ ಎಂದು ಕರೆಂಟಿಗೆ ಹಾಕದೆ ಬೇಸ್ ನುಡಿಸುತ್ತ ಕೂರುತ್ತಿದ್ದ. ಟಿಕ್, ಟಕ್ ಎಂದು ತಂತಿಯ ಸದ್ದಷ್ಟೇ ಬರುತ್ತದೆ ಆಗ. ಗಿಟಾರಿನ ಕೊಂಬಿನಂಥ ಮೂಲೆಗೆ ದವಡೆ ಒತ್ತಿ ಹಿಡಿದರೆ ಸ್ವರ ಮೂಳೆಯೊಳಗೆ ಕೇಳಿಸುತ್ತದಂತೆ. ಹಾಗೆ ಕೇಳಿಕೊಂಡು ಮಲಗುತ್ತಿದ್ದ. ಅವನ ಅಕ್ಕ ಒಂದು ಸಲ ನೋಡಿ, ನಾಲ್ಕೇ ತಂತಿನಾ, ಉಳಿದೆರಡು ಅಂಗಡಿಯವನೇ ಇಟ್ಕೊಂಡ್ನಾ ಎಂದು ಕೇಳಿದ್ದಳು. ಮನೆಯವರಲ್ಲಿ ಅವನ ಸಂಗೀತದ ಬಗ್ಗೆ ಆದ ಚರ್ಚೆ ಅಷ್ಟೇ.

ಬ್ಯಾಂಡಿನಲ್ಲಿ ನಾಲ್ಕು ಜನ. ಬೇಕರಿಯವ ಡ್ರಮ್ಸ್. ಔಷಧಿ ಅಂಗಡಿಯವ ಗಿಟಾರ್. ಹಾಡುವುದು ಲೆಕ್ಕದ ಟೀಚರ್. ಇವನು ಬೇಸ್. ಹೊಟ್ಟೆಪಾಡಿಗಲ್ಲ, ಖುಷಿಗೆ. ವಾರಕ್ಕೊಂದು ಸಂಜೆ ಒಲೆ ಆರಿದ ಮೇಲೆ ಬೇಕರಿಯ ಉಗ್ರಾಣದಲ್ಲಿ ಸೇರುತ್ತಿದ್ದರು. ಸುತ್ತ ಮೈದಾ ಮೂಟೆ ಪೇರಿಸಿದ್ದರಿಂದ ಸದ್ದು ಅದರಲ್ಲೇ ಇಂಗಿಹೋಗುತ್ತಿತ್ತು, ಬೀದಿಯವರ ಬೈಗುಳ ತಪ್ಪುತ್ತಿತ್ತು. ಇವನಿಗೆ ಗುಮ್ಮ ಎಂದು ಹೆಸರಿಟ್ಟದ್ದು ಅವರೇ. ಗುಂ ಗುಂ ಅನ್ನುವ ವಾದ್ಯ, ಸುಮ್ಮನೆ ಕೂರುವ ಗುಮ್ಮ. ಮಕ್ಕಳನ್ನು ಹೆದರಿಸಲು ಅಮ್ಮಂದಿರು ಕರೆಯುವ ಹೆಸರು ಅದು ಎಂದು ಆಗ ಯಾರೂ ಯೋಚಿಸಲಿಲ್ಲ.

ವಾರದಲ್ಲಿ ಅವನು ಜನರ ಜೊತೆ ಕೂರುತ್ತಿದ್ದದ್ದು ಅದೊಂದೇ ಜಾಗ. ಬೇಸ್ ಎಂದರೆ ತಳಪಾಯ, ಇದ್ದಾಗ ಯಾರಿಗೂ ಕೇಳಿಸಲ್ಲ, ನಿಂತಾಗ ಮಾತ್ರ ಎಲ್ಲರಿಗೂ ಗೊತ್ತಾಗುತ್ತೆ ಎಂದು ಒಮ್ಮೆ ನನಗೆ ಹೇಳಿದ್ದ. ಆ ನಂಬಿಕೆಯ ಮೇಲೇ ಬದುಕಿದ್ದ, ಪಾಪ.

ಆ ಸಂಜೆ ಒಂದು ಕಟ್ಟಡದಲ್ಲಿ ಎರಡು ಮಹಡಿಗಳ ನಡುವೆ ಲಿಫ್ಟ್ ಸಿಕ್ಕಿಹಾಕಿಕೊಂಡಿತ್ತು, ಒಳಗೆ ಒಬ್ಬ ಅಜ್ಜಿ. ಇವನು ಮೇಲೆ ಹತ್ತಿ ಕೈಯಿಂದಲೇ ಚಕ್ರ ತಿರುಗಿಸಿ ತಿರುಗಿಸಿ ಇಳಿಸಿದ. ಅಜ್ಜಿ ಹೊರಗೆ ಬಂದವಳೇ ವಾಚ್‌ಮನ್‌ಗೆ ಕೈ ಮುಗಿದು ಹೋದಳು. ಆ ಮೇಲಿನ ಯಂತ್ರದ ಕೋಣೆಯಲ್ಲಿ ಫೋನ್ ಹಿಡಿಯುವುದಿಲ್ಲವಾದ್ದರಿಂದ ಬ್ಯಾಂಡಿನವರಿಗೆ ತಿಳಿಸಲೂ ಆಗಲಿಲ್ಲ. ಪಾಪ, ನಾನಿಲ್ಲದೆ ಒದ್ದಾಡುತ್ತಿರುತ್ತಾರೆ ಎಂದುಕೊಂಡು ಓಡೋಡಿ ಬಂದರೆ... ಇದು.

ಚೀಲದ ಪಟ್ಟಿ ಬಿಗಿಯಾಗಿ ಹಿಡಿದುಕೊಂಡ. ದೆವ್ವ ಗಿವ್ವ ಅಂತಲ್ಲ. ಒಂದು ದಿನ ಬರದಿದ್ದಕ್ಕೆ ಬೇರೆಯವನನ್ನು ಕರೆದುಕೊಂಡು ಬಂದರಲ್ಲ ಎಂದು. ಒಳಗೆ ಹೋಗಲು ಮನಸ್ಸಾಗಲಿಲ್ಲ. ಬಾವಿಯ ಪಕ್ಕ ಸ್ವಲ್ಪ ಹೊತ್ತು ನಿಂತು ರೂಮಿಗೆ ಹೋದ. ಮಲಗುವ ಹೊತ್ತಿಗೆ ಫೋನಿಗೆ ಟೀಚರ್ ಕಳಿಸಿದ ಮೆಸೇಜು ಬಂತು.

ಇವತ್ತು ತುಂಬಾ ಚೆನ್ನಾಗಿ ನುಡಿಸಿದೆ, ಗುಮ್ಮ.

ಮರುದಿನ ಔಷಧಿ ಅಂಗಡಿಗೆ ಹೋಗಿ, ನಿನ್ನೆ ನಾನು ಬಂದಿದ್ನಾ ಎಂದು ಕೇಳಿದ. ಬಂದಿದ್ದೆಯಲ್ಲ, ಅದೇ ಸ್ಟೂಲ್ ಮೇಲೆ, ಅದೇ ಕರೀ ಗಿಟಾರ್ ಹಿಡ್ಕೊಂಡು, ಯಾಕೆ ಜ್ವರಾನಾ ಎಂದ ಅವನು. ಮಾತ್ರೆ ಬೇರೆ ಕೊಟ್ಟ. ನಾನು ಏನಾದ್ರೂ ಮಾತಾಡಿದ್ನಾ ಎಂದು ಇವನು ಮತ್ತೆ ಕೇಳಿದ್ದಕ್ಕೆ, ಔಷಧಿ ಅಂಗಡಿಯವ ನಕ್ಕ.

"ನೀನು ಯಾವತ್ತು ಮಾತಾಡಿದೀಯ?"

ಬೇಕರಿಗೂ ಹೋದ. ಬೇಕರಿಯವ ಬ್ರೆಡ್ ಕತ್ತರಿಸುತ್ತಿದ್ದ. ಚೆನ್ನಾಗೇ ಇತ್ತು ಎಂದಷ್ಟೇ ಹೇಳಿ ತಲೆ ಎತ್ತದೆ ಕತ್ತರಿಸುತ್ತಲೇ ಇದ್ದ.

ಆ ವಾರ ಹೇಗೆ ಕಳೆದನೋ. ಹೆದರಿಕೆಗಿಂತ ಹೆಚ್ಚಾಗಿ ಅವನಿಗೆ ಬೇಜಾರು. ನನ್ನ ಜಾಗದಲ್ಲಿ ಏನೋ ಒಂದು ಬಂದು ಕೂತರೂ ಇವರಿಗೆ ಗೊತ್ತಾಗಲಿಲ್ಲ. ಹಾಗಾದರೆ ಇಷ್ಟು ವರ್ಷ ನಾನು ಅಲ್ಲಿ ಕೂತದ್ದಾದರೂ ಯಾಕೆ? ರೂಮಿನಲ್ಲಿ ಬೇಸ್ ಎತ್ತಿಕೊಳ್ಳಲೂ ಇಲ್ಲ. ಚೀಲ ಗೋಡೆಗೆ ಒರಗಿಕೊಂಡೇ ಇತ್ತು.

ಮುಂದಿನ ವಾರ ಬೇಕೆಂತಲೇ ಒಳಗೆ ಹೋಗಲಿಲ್ಲ. ಚೀಲ ಬೆನ್ನಿಗೆ ಹಾಕಿಕೊಂಡು ಕತ್ತಲಲ್ಲಿ ಬಾವಿಯ ಹತ್ತಿರ ನಿಂತ. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಹಾಡು ಶುರುವಾಗಬೇಕು, ಅರ್ಧಕ್ಕೆ ನಿಲ್ಲಬೇಕು, ಯಾರಾದರೊಬ್ಬರು ಗುಮ್ಮ ಇನ್ನೂ ಬಂದಿಲ್ವಲ್ಲ ಅನ್ನಬೇಕು.

ಒಳಗೆ ಡ್ರಮ್ಮಿನ ಕೋಲುಗಳು ಒಂದಕ್ಕೊಂದು ಬಡಿದವು. ಟಕ್. ಟಕ್. ಟಕ್. ಟಕ್. ಟೀಚರ್ ದನಿ ಎಳೆಯಾಗಿ ಎದ್ದಿತು. ಒಂದು ಗಳಿಗೆ ಅಷ್ಟೇ... ಬೇರೇನೂ ಇಲ್ಲ...

ಗುಂ.

ದನಿ, ಗಿಟಾರು ಎಲ್ಲ ಮೂಟೆಗಳಲ್ಲಿ ಇಂಗಿಹೋಗುತ್ತಿದ್ದವು. ಗೋಡೆ ದಾಟಿ ಚೆನ್ನಾಗಿ ಬರುತ್ತಿದ್ದದ್ದು ಬೇಸ್ ಒಂದೇ. ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದ. ಗೋಡೆ ನಡುಗುತ್ತಿತ್ತು. ಆ ಹಾಡಿನ ತಿರುವಿನಲ್ಲಿ ಅವನು ಯಾವಾಗಲೂ ಒಂದು ಕೂದಲೆಳೆ ತಡವಾಗಿ ಬರುತ್ತಿದ್ದ. ವರ್ಷಗಟ್ಟಲೆ ತಿದ್ದಿಕೊಂಡರೂ ಹೋಗಿರಲಿಲ್ಲ. ಒಳಗಿದ್ದದ್ದು ತಡವಾಗಲಿಲ್ಲ. ಸರಿಯಾಗಿ ಬಂದು ಬಿತ್ತು. ಅಲ್ಲೇ ನಿಂತು ಅತ್ತುಬಿಟ್ಟ ಅವನು. ನನ್ನ ಹತ್ತಿರ ಇದನ್ನು ಹೇಳುವಾಗಲೂ ನಾಚಿಕೊಳ್ಳಲಿಲ್ಲ.

ಆಗ ಡ್ರಮ್ಸ್ ನಿಂತಿತು.

ಹಾಡು ಮುಗಿದು ನಿಂತದ್ದಲ್ಲ. ಬಡಿಯುತ್ತಿದ್ದ ಕೈ ಅಲ್ಲೇ ನಿಂತ ಹಾಗೆ. ಗಿಟಾರ್ ತಡವರಿಸಿ ನಿಂತಿತು. ದನಿಯೂ ನಿಂತಿತು. ಬೇಸ್ ಮಾತ್ರ ಒಂಟಿಯಾಗಿ ಇನ್ನೂ ಸ್ವಲ್ಪ ದೂರ ನಡೆಯಿತು. ಗುಂ... ಗುಂ... ಗುಂ...

ಅದೂ ನಿಂತಿತು.

ಒಳಗಿನಿಂದ ಕಾಲ ಸಪ್ಪಳ. ಚಿಲಕ ಕಟಕ್ ಎಂದಿತು. ಬಾಗಿಲಲ್ಲಿ ಬೇಕರಿಯವ ನಿಂತಿದ್ದ, ಮೈಯೆಲ್ಲ ಬೆವರು. ಓಣಿಯಲ್ಲಿ ಒಂದು ದೀಪ ಇಲ್ಲ. ಆದರೂ ಅತ್ತಿತ್ತ ಹುಡುಕದೆ ನೇರ ಬಾವಿಯ ಕಡೆ ನೋಡಿದ.

"ಗುಮ್ಮ... ಬಾರೋ ಒಳಗೆ."

ಒಳಗೆ ಹೋದರೆ ಸ್ಟೂಲ್ ಖಾಲಿ. ಬೇಸಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ, ಆಂಪು, ಅದರ ಕೆಂಪು ದೀಪ ಉರಿಯುತ್ತಿತ್ತು. ಟೀಚರ್ ಆಚೆ ಈಚೆ ನೋಡಿ, ನೀನು ಯಾವ ಮಾಯದಲ್ಲಿ ಹೊರಗೆ ಹೋದೆಯೋ ಎಂದರು. ಡ್ರಮ್ಸ್ ಯಾಕೆ ನಿಂತಿತು ಎಂದು ಇಬ್ಬರೂ ಬೇಕರಿಯವನ ಕಡೆ ತಿರುಗಿದ್ದರಂತೆ. ಸ್ಟೂಲ್ ಕಡೆ ನೋಡಿದವರು ಯಾರೂ ಇಲ್ಲ. ನೆಲದ ಹಿಟ್ಟಿನ ಮೇಲೆ ಹೆಜ್ಜೆ ಗುರುತಿತ್ತಾ ಎಂದು ಕೇಳಬೇಡಿ. ದಿನವಿಡೀ ಜನ ಓಡಾಡುವ ಉಗ್ರಾಣ, ನೂರು ಗುರುತು.

ಗುಮ್ಮ ಚೀಲ ಬಿಚ್ಚಿ ಕೂತ. ಅದೇ ಹಾಡು ಮೊದಲಿಂದ ಶುರುವಾಯಿತು. ತಿರುವಿನಲ್ಲಿ ತಡವಾದ. ಈಗ ತಾನೆ ಸರಿಯಾಗಿ ಬರ್ತಿತ್ತಲ್ಲ, ಏನಾಯ್ತು ಎಂದು ಔಷಧಿ ಅಂಗಡಿಯವ ಸಿಡುಕಿದ. ಬೇಕರಿಯವ ಕೋಲು ಎತ್ತಿ ತಡೆದ.

"ಇದೇ ಸರಿ. ಹೀಗೇ ಇರ್ಲಿ."

ಅಭ್ಯಾಸ ಮುಗಿದ ಮೇಲೆ ಎಲ್ಲರೂ ಹೊರಟರು. ಬೇಕರಿಯವ ಬಾಗಿಲಿಗೆ ಬೀಗ ಹಾಕಿ, ಎಂದೂ ಇಲ್ಲದ್ದು ಗುಮ್ಮನ ಜೊತೆಗೇ ನಡೆದ. ಬಾವಿ ದಾಟುವಾಗ ಅವನ ತೋಳು ಹಿಡಿದು ನಿಲ್ಲಿಸಿದ. ಮಾತೆಲ್ಲ ಪಿಸುದನಿಯಲ್ಲಿ.

"ಹೋದ ವಾರ ಬಂದಿದ್ದು ನೀನಲ್ಲ."

"ನಿಂಗೆ ಗೊತ್ತಿತ್ತಾ?" ಎಂದ ಗುಮ್ಮ.

"ಮೊದಲನೇ ಹಾಡಿಗೇ ಗೊತ್ತಾಯ್ತು. ನುಡಿಸುವಾಗ ನೀನು ನನ್ನ ಕಾಲು ನೋಡ್ತೀಯ ಕಣೋ... ಅದು ನನ್ನ ಮುಖ ನೋಡ್ತಿತ್ತು."

ನಿಜ ಅದು. ಡ್ರಮ್ಸ್‌ನವನು ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ಮೂ ಬೇಸೂ ಒಂದೇ ಏಟಿಗೆ ಬೀಳಬೇಕು, ಗಂಡ ಹೆಂಡತಿ ಒಂದೇ ಸುಳ್ಳು ಹೇಳುವ ಹಾಗೆ. ಅದಕ್ಕೇ ಗುಮ್ಮ ಮೊದಲಿನಿಂದಲೂ ಬೇಕರಿಯವನ ಪಾದದ ಮೇಲೆ ಕಣ್ಣು ನೆಟ್ಟೇ ನುಡಿಸುತ್ತಿದ್ದ. ತಡವಾಗುತ್ತಿದ್ದದ್ದೂ ಅದಕ್ಕೇ. ನೋಡಿ ಆಮೇಲೆ ನುಡಿಸುವವನು ಅವನು. ಇದನ್ನು ಇನ್ನೊಬ್ಬ ಗಮನಿಸಿದ್ದಾನೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಮತ್ತೆ ಯಾಕೆ ಬಾರಿಸುತ್ತಲೇ ಇದ್ದೆ ಎಂದು ಕೇಳಿದ. ನಿಲ್ಲಿಸಿದರೆ ನನಗೆ ಗೊತ್ತಾಗಿದೆ ಅಂತ ಅದಕ್ಕೆ ಗೊತ್ತಾಗ್ತಿತ್ತು, ಹೆದರಿಕೊಂಡು ಒಂದು ಏಟೂ ತಪ್ಪದ ಹಾಗೆ ಬಾರಿಸಿದೆ ಎಂದ ಬೇಕರಿಯವ. ಅವತ್ತು ಬ್ಯಾಂಡ್ ಅಷ್ಟು ಚೆನ್ನಾಗಿದ್ದದ್ದು ಯಾಕೆ ಎಂದು ಈಗ ತಿಳಿಯಿತಲ್ಲ. ಮರುದಿನ ನೀನು ಅಂಗಡಿಗೆ ಬಂದಾಗಲೂ, ನಿಂತಿರುವುದು ನೀನೋ ಅದೋ ಅಂತ ತಲೆ ಎತ್ತಿ ನೋಡಲು ಧೈರ್ಯ ಬರಲಿಲ್ಲ ಎಂದನಂತೆ.

ಗುಮ್ಮನಿಗೆ ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ತಾನು ಬಂದಿಲ್ಲ ಎಂದು ಒಬ್ಬನಿಗಾದರೂ ಗೊತ್ತಾಗಿತ್ತು. ಬೆನ್ನ ಮೇಲಿನ ಚೀಲ ಸರಿಮಾಡಿಕೊಂಡು ಕೇಳಿದ.

"ಮತ್ತೆ ಇವತ್ತು ಯಾಕೆ ನಿಲ್ಲಿಸ್ದೆ?"

ಬೇಕರಿಯವ ಹಿಂದೆ ತಿರುಗಿ ಉಗ್ರಾಣದ ಬಾಗಿಲು ನೋಡಿದ. ದನಿ ಇನ್ನೂ ಇಳಿಸಿದ.

"ತಡೀಲಾಗದೆ ಕೇಳಿಬಿಟ್ಟೆ... ಗುಮ್ಮ ಎಲ್ಲಿ ಅಂತ. ತುಟಿ ಅಲ್ಲಾಡಿಸಿದೆ ಅಷ್ಟೇ."

"ಅದು?"

"ನಿನ್ನ ದನೀಲೇ ಹೇಳ್ತು. 'ಹೊರಗೆ ಬಾವಿ ಹತ್ರ ನಿಂತಿದಾನೆ. ಹೋದ ವಾರಾನೂ ನಿಂತಿದ್ದ... ನೀವ್ಯಾರೂ ಕರೀಲಿಲ್ಲ.'"

ಬೇಕರಿಯವ ಅವತ್ತು ಬೀಗದ ಅಂಗಡಿಯ ಮೆಟ್ಟಿಲವರೆಗೂ ಬಂದು ಬಿಟ್ಟು ಹೋದ. ಈಗಲೂ ಅಭ್ಯಾಸದ ದಿನ ಗುಮ್ಮನನ್ನು ಕರೆದುಕೊಂಡು ಹೋಗಲು ಅವನೇ ಬರುತ್ತಾನೆ. ಯಾವ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿರಲಿ, ಕೆಳಗೆ ಬಂದು ನಿಂತು ಕೂಗುತ್ತಾನೆ. ಆಮೇಲೆ ಹಾಗೇನೂ ಆಗಲಿಲ್ಲ.

ಇನ್ನೊಂದು ವಿಷಯ. ಆ ಆಂಪಿಗೆ ಎರಡು ತೂತು. ಒಂದಕ್ಕೆ ಗುಮ್ಮನ ಕೇಬಲ್. ಇನ್ನೊಂದಕ್ಕೂ ಬೇಕರಿಯವ ಒಂದು ಕೇಬಲ್ ಸಿಕ್ಕಿಸಿದ್ದಾನೆ, ಅದರ ಆಚೆ ತುದಿ ಸುಮ್ಮನೆ ಮೂಟೆಯ ಮೇಲೆ ಬಿದ್ದಿರುತ್ತದೆ. ಯಾಕೆ ಎಂದರೆ ಇರಲಿ ಬಿಡಿ ಅನ್ನುತ್ತಾನೆ. ಗಿಟಾರು ನುಡಿಸುವ ಯಾರನ್ನಾದರೂ ಕೇಳಿ ನೋಡಿ. ಆಂಪ್ ಹಾಕಿದಾಗ ಹಾಗೆ ಬರಿದೇ ಬಿದ್ದ ಕೇಬಲ್ ಜುಂಯ್ ಎನ್ನುತ್ತಲೇ ಇರಬೇಕು, ತುದಿಗೆ ಬೆರಳು ತಾಗಿಸಿದರೆ ಭರ್ರ್ ಎಂದು ಕೂಗಬೇಕು. ಗಿಟಾರಿಗೆ ಸಿಕ್ಕಿಸಿದರೆ ಮಾತ್ರ ಸುಮ್ಮನಾಗುತ್ತದೆ.

ಹೋದ ತಿಂಗಳು ನಾನೇ ಹೋಗಿದ್ದೆ. ಆಂಪ್ ಹಾಕಿತ್ತು. ಕೆಂಪು ದೀಪ ನನ್ನ ಕಣ್ಣೆದುರೇ ಉರಿಯುತ್ತಿತ್ತು. ಈ ಹೆಬ್ಬೆರಳನ್ನೇ ಆ ತುದಿಯ ಮೇಲೆ ಒತ್ತಿ ಹಿಡಿದೆ... ಒಂದಿಷ್ಟೂ ಸದ್ದಿಲ್ಲ. ಕೇಬಲ್ಲೂ ಚೆನ್ನಾಗೇ ಇದೆ, ಆ ತೂತೂ ಚೆನ್ನಾಗೇ ಇದೆ, ಎರಡನ್ನೂ ಬೇರೆ ಬೇರೆಯಾಗಿ ಹಾಕಿ ನೋಡಿದೆವು.