ಶೆಲ್ಲು ಬ್ಯಾಡಾದ ದೀಪ

ತಿರುವು, ನಿಲ್ಲಬ್ಯಾಡ! ನೀ ನಿಂತಿ ಅಂದ್ರ ದೀಪಾನೂ ಹೋತು... ಹಾಂ, ಹಂಗ. ಅವಸರ ಬ್ಯಾಡ ಹೊನ್ನವ್ವಾ, ಜ್ವಾಳ ಬೀಸಿದಂಗ ತಿರುವು. ನಾನ ತಿರುವತಿದ್ದೆ, ಬಾಗಿಲಾ ಗುದ್ದಿ ಗುದ್ದಿ ಮುಂಗೈ ಬಾತೈತಿ, ನೋಡಿಲ್ಲಿ. ಗಿರಾಕಿಗೆ ತೋರ್ಸಾಕ ಒಂದ ಮುಷ್ಟಿ ಮೆಣಸಿನಕಾಯಿ ತಗೊಂಡು ಹೋಗೂಣಂತ, ಇವತ್ತ ಕೆಲಸಕ್ಕ ಬಂದಾಕಿ ನೀ ಒಬ್ಬಾಕೀನ ಅಂತ ನಿನ್ನ ಕರಕೊಂಡು ಒಳಗ ಬಂದ್ರ, ಬಾಗಿಲಾ ಮುಚ್ಚಿಕೊಂಡು, ಒಳಗಿನ ಚಿಲಕಾ ಕಿತ್ತು ನನ್ನ ಕೈಯಾಗ ಬರಬೇಕ? ಅದರ ಮ್ಯಾಲ ಕರೆಂಟೂ ಹೋಗಬೇಕ?

ಯಾಕ ನಗತೀ?... ಓ, ರೇಡಿಯೋಕ್ಕ! ನಗು, ನಗು. ಈ ಕೋಲ್ಡ್ ಸ್ಟೋರೇಜಿನ ಗ್ವಾಡಿಯೊಳಗ ಫೋನಿಗೇ ರೇಂಜ್ ಇಲ್ಲ, ರೇಡಿಯೋ ಪಾಪ ಏನ್ ಮಾಡೀತು? ಕರ್ರ್ ಅನ್ನಾಕತ್ತೈತಿ. ಆದ್ರ ದೀಪ ಉರಿಯಾಕತ್ತೈತೋ ಇಲ್ಲೋ? ಅದನ್ನ ಹೇಳು.

ಒಂದ ಡಬ್ಬಿಯೊಳಗ ದೀಪ, ರೇಡಿಯೋ ಎರಡೂ. ಒಂದೂ ಬ್ಯಾಟರಿ ಶೆಲ್ಲು ಬ್ಯಾಡ, ಹಿಡಿಕಿ ತಿರುವಿದ್ರ ಸಾಕು. ರಾಣೇಬೆನ್ನೂರಾಗ ಅಂಗಡಿ ಶಾಬುದ್ದೀನ ಏನಂದ ಗೊತ್ತೇನು? "ಮಂಗಳಕ್ಕಾರ, ಶೆಲ್ಲಿಂದು ತಗೋರಿ, ಕೈ ನೋಯೂದಿಲ್ಲ." ನಾ ಅಂದೆ, "ತಮ್ಮಾ, ಮೆಣಸಿನಕಾಯಿ ತೊಟ್ಟು ಬಿಡಿಸಿ ಬಿಡಿಸಿ ಕೋಲ್ಡ್ ಸ್ಟೋರೇಜ್ ಕಟ್ಟಿಸಿದ ಕೈ ಇದು. ನೋವಿನ ಸುದ್ದಿ ನನಗ ಹೇಳ್ತೀ?" ಚೀಲದ ಮ್ಯಾಗಿನ ಅಕ್ಷರ ನೋಡಿ ಓದಾಕ ಕಲ್ತಾಕಿ ನಾ. ಡಬ್ಬಿ ಮ್ಯಾಲ ಬರದದ್ದು ಒಂದೂ ಬಿಡದ ಓದೇನಿ. ಶೆಲ್ಲು ಇಟ್ಟಲ್ಲೇ ಒಸರಿ ಸಾಯ್ತಾವು. ಬೇಕಾದಾಗ ತೆಗದ್ರ ಹಸರ ಕಿಲುಬು!

ಕೆಮ್ಮು ಬಂತಾ? ಸೆರಗು ಮೂಗಿಗೆ ಕಟ್ಟಿಕೋ. ಇಷ್ಟು ಖಾರದ ನಡುವ ಉಸುರು ಸಲೀಸ ಬರತೈತೇನು... ನೆಲದ ಮ್ಯಾಲ ಬ್ಯಾಡ, ಥಂಡಿ ಏರತೈತಿ. ಈ ಚೀಲದ ಮ್ಯಾಲ ಕುಂದ್ರು, ನನ್ನ ಮಗ್ಗಲಕ್ಕ. ನನ್ನ ಶಾಲು ಹೊದ್ಕೋ. ಏ, ಹೊದ್ಕೋ ಅಂದ್ರ ಹೊದ್ಕೋ!

ಏನು? ಗುಡದಪ್ಪ?... ಬರ್ತಾನ. ಐತವಾರ ಆದ್ರೂ ವಾಚಮನ್ ಅಂವ, ಎಲ್ಲಿ ಹೋಗ್ತಾನ? ಬೆಲ್ ಒತ್ತೇನಲ್ಲ, ನಿನ್ನ ಕಣ್ಣ ಮುಂದ. ಗೇಟಿನ ಖೋಲಿಯೊಳಗ ಬಾರಸ್ತೈತಿ ಅದು. ಉಂಡು ಮಲಗಿರಬೇಕು...

ಹಾಂ? ಕರೆಂಟಿಲ್ಲದ ಹೆಂಗ ಬಾರಸ್ತೈತಿ ಅಂತೀಯಾ? ಕರೆಂಟಿಂದಲ್ಲ ಅದು. ಒಳಗ ಸಿಕ್ಕಿಬಿದ್ದವರಿಗಂತ ಬ್ಯಾರೆ ಕೂಡಿಸಿದ್ದು. ಕರೆಂಟ್ ಹೋದ್ರೂ ನಡೀಲಿ ಅಂತ, ಅದಕ್ಕ...

...ಯಾಕ ನಿಲ್ಲಿಸಿದಿ? ತಿರುವು. ಕತ್ತಲಾತು. ಹೊನ್ನವ್ವಾ? ಕೈ ಸೋತವೇನು?

ಏನರ ಅನ್ನು.

ಹೌದು... ಶೆಲ್ಲಿನ ಮ್ಯಾಲ ನಡಿಯೂದು ಆ ಬೆಲ್ಲು.

ಈ ಡಬ್ಬಿ ತಂದ ದಿವಸ ಕಿತ್ತೆ. ಮನ್ಯಾಗಿನವು, ಆಫೀಸಿನವು, ಎಲ್ಲಾ ಶೆಲ್ಲು ಕಿತ್ತು ಒಗದೆ... ಬೆಲ್ಲಿನವೂ. ಕಿಲುಬು ಹಿಡದಿದ್ವು, ಖರೇ. "ಹೊಸಾವು ಹಾಕಸ್ರಿ ಅಕ್ಕಾರ" ಅಂದ ಗುಡದಪ್ಪ. "ಇನ್ನ ಶೆಲ್ಲು ನನ್ನ ಹೊಸ್ತಲಾ ದಾಟೂದಿಲ್ಲ" ಅಂದೆ, ಅಷ್ಟೂ ಹೆಣ್ಣಾಳಿನ ಮುಂದ. ಅಂದ ಮ್ಯಾಲ ಹೆಂಗ ತರ್ಲಿ?

ನಿನಗ ಧೈರ್ಯ ಇರಲಿ ಅಂತ ಸುಮ್ಮನ ಒತ್ತಿದೆ... ಅಲ್ಲ. ಅದೂ ಸುಳ್ಳ. ನಾ ಸೋತದ್ದು ನಿನಗ ಗೊತ್ತಾಗೂದು ಬ್ಯಾಡಾಗಿತ್ತು.

ನಾಳಿ ಮುಂಜಾನಿತನಕ ಯಾರೂ ಬರಂಗಿಲ್ಲ, ಹೊನ್ನವ್ವಾ. ಒಳಗ ಸಿಕ್ಕಾಗಿಂದ ನನಗ ಗೊತ್ತೈತಿ.

ಕೈ ಕೊಡು... ಎಲ್ಲಿ? ಇಲ್ಲೇ ಇದ್ದಿ... ಚೀಲದ ಸಪ್ಪಳಾತು. ದೂರ ಸರದು ಕುಂತಿ, ಹೌದಿಲ್ಲೋ?

ಕುಂದ್ರು. ಬೇಕಾದಷ್ಟು ದೂರ ಕುಂದ್ರು. ಆದ್ರ ಬಾಯಿ ತೆರಿ. ಅಕ್ಕಾರ ಅನಬ್ಯಾಡ, ಮಂಗಳಿ ಅಂತ ಹೆಸರ ಹಿಡದು ಬೈಯಿ... ಹೊನ್ನವ್ವಾ, ಬೈಯಿ!