ಓಡದವರ ವೇಗ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೆನ್ನೆ ಹಿಡಿದು ಕೂತಿದ್ದ ದರ್ಜಿಯ ಕಿವಿಗೆ ಪಕ್ಕದ ಎಂಜಿನಿಯರ್ ಹುಡುಗಿ ಗೆಳತಿಗೆ ಹೇಳುತ್ತಿದ್ದ ಮಾತು ಬಿತ್ತು.

“ನಮ್ಮ ಸ್ವಿಚ್ಚು ಎಷ್ಟು ಚುರುಕು ಅಂದ್ರೆ, ಒಂದನ್ನೇ ಅಳೆಯೋಕಾಗಲ್ಲ. ಅದಕ್ಕೇ ನೂರನ್ನ ಬಳೆ ಥರ ಜೋಡಿಸಿ ಸಿಗ್ನಲ್ ಓಡಿಸ್ತೀವಿ. ಒಂದು ಸುತ್ತು ಮುಗಿಸೋಕೆ ಹಿಡಿದ ಹೊತ್ತನ್ನ ನೂರಕ್ಕೆ ಹಂಚ್ತೀವಿ.”

“ವೇಗದಲ್ಲಿ ದಾಖಲೆ ಆಯ್ತಂತಲ್ಲ?”

“ಆಯ್ತು. ಆದ್ರೆ ತಂತಿ ಎಲ್ಲೋ ಅಂಟಿಕೊಂಡು ಸಿಗ್ನಲ್ ಅಡ್ಡದಾರಿ ಹಿಡೀತು, ಇಪ್ಪತ್ತು ಸ್ವಿಚ್ಚು ಓಡೇ ಇಲ್ಲ. ಹಂಚಿದ್ದು ಮಾತ್ರ ನೂರಕ್ಕೂ.”

“ಅಂದ್ರೆ ಸುಮ್ಮನೆ ಕೂತವರಿಂದ ದಾಖಲೆ. ನಮ್ಮ ಆಫೀಸೇ ಬಿಡು.”

“ನಗಬೇಡ. ನಾಳೆ ಪತ್ರಿಕೆಯವರು ಬರ್ತಾರೆ, ವರದಿಯಲ್ಲಿ ನನ್ನ ಹೆಸರೂ ಇದೆ.”

“ಸಾಹೇಬರಿಗೆ ಹೇಳಿದ್ಯಾ?”

“ಹೇಳ್ದೆ. ‘ಹಾಗಾದ್ರೆ ಇನ್ನೂ ಹತ್ತನ್ನ ಕೂರಿಸಿ ನೋಡಮ್ಮ’ ಅಂದ್ರು.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು, ಗೆಳತಿಯರು ಎದ್ದು ಹೋದರು. ದರ್ಜಿ ತಡೆಯಲಾರದೆ ನಕ್ಕ, ಹಲ್ಲು ಜುಮ್ಮೆಂದಿತು.