ಮಂಜಮ್ಮ ನಿಂತ ತೂಗುಸೇತುವೆ

ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸು ಬರಲಿಲ್ಲ. ಹಳ್ಳದ ನೀರು ರಸ್ತೆಯ ಮೇಲೆ ಹರಿಯುತ್ತಿದೆಯಂತೆ. ಹಂಪಸಾಗರದಿಂದ ಹೊಳೆಗುಂಟ ಮೇಲಕ್ಕಿರುವ ಆ ಪುಟ್ಟ ಊರಿನಲ್ಲಿ, ದಾಕ್ಷಾಯಣಮ್ಮನವರ ಚಹಾದಂಗಡಿಯ ತಗಡಿನ ಕೆಳಗೆ ನಾವು ಆರೇಳು ಜನ ಒತ್ತಾಗಿ ಕೂತಿದ್ದೆವು. ಸಂಜೆ ಐದಕ್ಕೇ ಮೋಡ ಕವಿದು ಮಬ್ಬಾಗಿತ್ತು. ಎದುರಿಗೆ ತುಂಗಭದ್ರೆ ಕೆಂಪಗೆ ಉಬ್ಬಿ ಹರಿಯುತ್ತಿದ್ದಳು. ಎರಡೂ ತುದಿಗೆ ಜಾಲಿಮುಳ್ಳಿನ ಬೇಲಿ ಬಡಿದ ಹಳೆಯ ತೂಗುಸೇತುವೆ ಗಾಳಿಗೆ ಕಿರುಗುಟ್ಟುತ್ತಿತ್ತು.

"ಯಜ್ಜಾ, ಇದರ ಮ್ಯಾಲೆ ದೆವ್ವ ಐತಂತಲ್ಲ, ಖರೇನಾ?" ಎಂದು ಟೆಂಪೊ ಡ್ರೈವರ್ ಮೌನೇಶ್ ನಗುತ್ತ ಕೇಳಿದ.

ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಪಕ್ಕೀರಪ್ಪಜ್ಜ ಒಂದು ಕಾಲಕ್ಕೆ ಆ ಸೇತುವೆಯ ಕಾವಲುಗಾರ. ವಯಸ್ಸು ಎಂಬತ್ತರ ಹತ್ತಿರ. ಚಹಾದ ಲೋಟ ಕೆಳಗಿಟ್ಟು ನಮ್ಮೆಲ್ಲರ ಮುಖ ನೋಡಿದ.

"ನಗಬ್ಯಾಡಲೇ. ಕೇಳೋದಾದ್ರ ಪೂರ್ತಿ ಕೇಳ್ರಿ, ನಡುವ ಎದ್ದು ಹೋಗಬ್ಯಾಡ್ರಿ...

"ಸೇತುವಿ ಬರೂಕಿಂತ ಮೊದ್ಲು ಈ ಹೊಳ್ಯಾಗ ನಾನು ಹರಗೋಲು ಹಾಕ್ತಿದ್ದೆ. ನಮ್ಮಪ್ಪನೂ ಅದನ್ನ ಮಾಡ್ತಿದ್ದ. ಮೂವತ್ತು ವರ್ಷದ ಹಿಂದ ಕಬ್ಬಿಣದ ಹಗ್ಗ ಬಂತು, ಹಲಿಗಿ ಬಂದ್ವು, ಕಂಬ ಎದ್ದವು. ಕಂಬದ ಬುಡಕ್ಕ ಕಲ್ಲು ಹೊತ್ತೋರು ಯಾರು? ನಮ್ಮೂರ ಕೇರಿ ಹೆಣ್ಮಕ್ಳು. ಭೀಮೇಶನ ಹೇಣ್ತಿ ಮಂಜಮ್ಮ ಬಸರಿದ್ದಾಗೂ ಹೊತ್ತಾಳ, ಹೊಟ್ಟ್ಯಾಗ ಮಗಳು ಇದ್ಲು. ಉದ್ಘಾಟನಿ ದಿನ ಮಾತ್ರ, ದೊಡ್ಡೋರೆಲ್ಲ ದಾಟಿ ಬರಾತನಕ ಅವರ್ನ ದೂರ ನಿಂದ್ರಿಸಿದ್ರು. ನನ್ನ ಹರಗೋಲು ಮೂಲಿಗೆ ಬಿತ್ತು, ಅದಕ್ಕ ಕಾವಲು ಕೆಲಸ ಕೊಟ್ರು. ಒಮ್ಮಿಗೆ ಇಪ್ಪತ್ತು ಮಂದಿ, ಹೆಚ್ಚಿಗಿ ಬಿಡಬಾರ್ದು... ಅಷ್ಟ ನನ್ನ ಕೆಲಸ. ಅಷ್ಟೂ ನನ್ನ ಕೈಲಿ ಆಗ್ಲಿಲ್ಲ.

"ನಾಕನೇ ವರ್ಷದ ಶ್ರಾವಣ. ಹೊಳಿ ಹಿಂಗ ತುಂಬಿತ್ತು. ಹಗಲು ಹನ್ನೊಂದರ ಸುಮಾರು, ಆಚಿ ಹೊಲಕ್ಕ ಕಳೆ ತೆಗಿಯಾಕ ಹೋದ ಹೆಣ್ಮಕ್ಳನ್ನ, ನೀರು ಏರಾಕತ್ತೈತಿ ಅಂತ ಹೊಲದೋರು ಲಗೂನ ಕಳಿಸಿದ್ರು. ಏಳು ಮಂದಿ, ಒಬ್ಬರ ಹಿಂದ ಒಬ್ಬರು, ತಲಿಮ್ಯಾಲೆ ಎಮ್ಮಿಗೆ ಹುಲ್ಲಿನ ಹೊರಿ. ಎಲ್ಲಾರಿಗಿಂತ ಮುಂದ ಮಂಜಮ್ಮ. ಅರ್ಧ ದಾರಿ ಬಂದಿದ್ರು. ಆವಾಗ ಈ ಕಡಿಂದ ಸಾಹುಕಾರ ಗುರುಸಂಗಪ್ಪನೋರ ದಿಬ್ಬಣ ಬಂತು. ಮಗನ ಮದುವಿ, ಆಚಿ ಊರಾಗ ಹನ್ನೆರಡೂವರಿಗೆ ಅಕ್ಕಿಕಾಳು. ಮಂದಿ ನಲವತ್ತಕ್ಕ ಕಮ್ಮಿ ಇಲ್ಲ, ಮುಂದ ಬಾಜಾ. 'ತಡೀರಿ ಸಾಹುಕಾರ್ರ, ಹೆಣ್ಮಕ್ಳು ದಾಟಾಕತ್ಯಾರ, ಈ ಕಡಿ ಬರ್ಲಿ' ಅಂದೆ. 'ಮುಹೂರ್ತ ನಿನ್ನ ಕೇಳಿ ನಿಲ್ತೈತೇನಲೇ? ಅವರ್ನ ಸರಿಯಾಕ ಹೇಳು' ಅಂದ್ರು. ನಾನು... ಗೇಟು ತೆಗದೆ. ಯಾರೂ ನನ್ನ ಹೊಡಿಲಿಲ್ಲ, ಬಡಿಲಿಲ್ಲ. ನಾನ ತೆಗದೆ.

"ಆ ಸೇತುವಿ ಅಗಲರ ಎಷ್ಟು? ಹೊರಿ ಹೊತ್ತೋರು ಒಬ್ಬರು ಬಂದ್ರ ಇನ್ನೊಬ್ಬರಿಗೆ ಜಾಗಿಲ್ಲ. 'ಸರೀರಿ, ಸರೀರಿ' ಅಂತ ದಿಬ್ಬಣ ಕೂಗಾಕತೈತಿ. ಹಿಂದಿನ ಆರು ಮಂದಿ ಹೊರಿ ಹೊಳಿಗೆ ಒಗದು ಹಿಂದಕ್ಕ ಓಡಿದ್ರು. ಮಂಜಮ್ಮ ಒಗಿಲಿಲ್ಲ. ಯಾಕ ಒಗೀಬೇಕು? 'ಎತ್ತಾಗ ಸರೀಲ್ರಿ? ಎತ್ತಾಗ ಸರೀಲಿ ಹೇಳ್ರಿ' ಅಂತ ಕೇಳಿದ್ಲು. ದಿಬ್ಬಣದ ಹಿಂದ ನಾನೂ ಓಡಿ ಹೋಗಿದ್ದೆ, ಈ ಕಿವೀಲೆ ಕೇಳೇನಿ. ಯಾರೂ ಹೇಳ್ಲಿಲ್ಲ, ಮಂದಿ ನುಗ್ಗಿತು. ಆಕಿ ಬಾಜೂಕಿನ ತಂತಿ ಜಾಳಿಗಿಗೆ ಬೆನ್ನು ಕೊಟ್ಟು ನಿಂತ್ಲು... ಜಾಳಿಗಿ ಕಿತ್ತು ಬಂತು. ಹೊರಿ ಸಮೇತ ಹೋದ್ಲು. ಬಾಜಾ ಒಂದು ಗಳಿಗಿ ನಿಂತಿತು ನೋಡ್ರಿ... ಆಮ್ಯಾಲೆ ಆಚಿ ದಂಡ್ಯಾಗ ಮತ್ತ ಚಾಲೂ ಆತು."

ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ದಾಕ್ಷಾಯಣಮ್ಮ ಸ್ಟೋವ್ ಆರಿಸಿ ಬಂದು ನಮ್ಮ ಜೊತೆ ಕೂತರು.

"ಹೆಣ ಸಿಗ್ಲಿಲ್ಲ. ಮೂರನೇ ದಿನ ಪೊಲೀಸ್ರಿಂದ ಒಂದು ಕಾಗದ ಬಂತು. ಹೆಂಗಸು ತಾನಾಗೇ ತಂತಿ ಹತ್ತಿ ಕಾಲು ಜಾರಿ ಬಿದ್ದಾಳ ಅಂತ ಅದರಾಗ ಬರದಿತ್ತು. ಕಂಡ ಸಾಕ್ಷಿ ನಾನು. ಕೆಲಸ ಹೋದೀತು ಅಂತ ಹೆಬ್ಬಟ್ಟು ಒತ್ತಿದೆ.

"ಮರುವರ್ಷ ಹೊಳಿ ಬಂದಾಗ ಹಲಿಗಿ ನೋಡಾಕ ಹೋಗಿದ್ದೆ. ಮಳಿ ಬಿಟ್ಟು ಕಣ್ಣು ಕುಕ್ಕೋ ಬಿಸಿಲು. ನಟ್ಟನಡುವ ಒಬ್ಬಾಕಿ ನಿಂತಾಳ. ತಲಿಮ್ಯಾಲಿನ ಹಸಿ ಹುಲ್ಲಿನಿಂದ ನೀರು ಸೋರಾಕತೈತಿ, ಆದ್ರ ಕೆಳಗಿನ ಹಲಿಗಿ ಒಣಗಿದ್ದು ಒಣಗಿದಂಗ ಐತಿ. ನನ್ನ ಕಡಿ ತಿರುಗಿದ್ಲು. ಸಿಟ್ಟಿಲ್ಲ, ಅಳು ಇಲ್ಲ... ಊರಿಗೆ ಹೊಸಬರು ದಾರಿ ಕೇಳ್ತಾರಲ್ಲ, ಹಂಗ ಕೇಳಿದ್ಲು. 'ಎತ್ತಾಗ ಸರೀಲೋ ಯಣ್ಣಾ?' ಅಂಬೆಗಾಲಿಟ್ಟು ಹಿಂದಕ್ಕ ಬಂದೆ.

"ಅವತ್ತ ಭೀಮೇಶನ ಮನಿಗೆ ಹೋಗಿ ಎಲ್ಲಾ ಹೇಳಿದೆ. ಆತ ಹೊಸ್ತಿಲದಾಗ ನಿಂತು ಕೇಳಿದ. 'ನಿನ್ನ ಹೆಬ್ಬಟ್ಟು ವಾಪಸ್ ತಗಂಡು ಬಾ, ಆಮ್ಯಾಲೆ ಒಳಗ ಬಾ' ಅಂದ. ಆಫೀಸಿಂದ ಆಫೀಸಿಗೆ ಅಲದೆ. 'ಮುಗದ ಕಾಗದ ಅದು, ಹೋಗಪ್ಪ' ಅಂದ್ರು. ಭೀಮೇಶ ಈಗಿಲ್ಲ. ಮಗಳು ಕ್ರಾಂತಿ ಹರಪನಹಳ್ಳ್ಯಾಗ ನರ್ಸ್ ಅದಾಳ, ಊರಿಗೆ ಬಂದ್ರ ನನ್ನ ಮಾರಿ ನೋಡಂಗಿಲ್ಲ. ಆ ಹೊಸ್ತಿಲ ನಾನು ಇವತ್ತಿಗೂ ದಾಟಿಲ್ಲ."

"ಮತ್ತ ಗುರುಸಂಗಪ್ಪನೋರು?" ಮೌನೇಶನ ಮುಖದಲ್ಲಿ ಈಗ ನಗು ಇರಲಿಲ್ಲ.

"ಅವರಿಗೇನಾಗತೈತಿ? ಕಾರು ತಗಂಡ್ರು. ನಲವತ್ತು ಕಿಲೋಮೀಟ್ರು ಸುತ್ತಿ ದೊಡ್ಡ ಸೇತುವಿ ಮ್ಯಾಲೆ ಹೋಗ್ತಾರ, ಮೊಮ್ಮಕ್ಳನ್ನ ಆಡಿಸ್ತಾರ. ಮಂಜಮ್ಮ ಕಾಣಿಸಿದ್ದು ಯಾರಿಗೆ? ನಡಕೋತ ದಾಟೋರಿಗೆ, ಕೂಲಿಗೆ ಹೋಗೋರಿಗೆ, ಆಕಿ ಜೋಡಿ ಹೊರಿ ಹೊತ್ತೋರಿಗೆ. ಸತ್ತ ಮ್ಯಾಲೂ ಬಡವರ ಕೈಗೆ ಬಡವರ ಸಿಗತಾರ ನೋಡ್ರಿ... ಒಬ್ಬೊಬ್ಬರಾಗಿ ಮಂದಿ ದಾಟೋದು ಬಿಟ್ರು. ಕಡೀಕ ಮುಳ್ಳು ಬಡದ್ರು."

"ಈಗೂ ಅದಾಳೇನಜ್ಜ?" ನಾನು ಕೇಳಿದೆ.

ಅಜ್ಜ ಕಂಬಳಿಯನ್ನು ಎಳೆದುಕೊಂಡ. ಹೊಳೆಯ ಕಡೆ ತಿರುಗಿದ.

"ಹೋದ ಸೋಮವಾರ ಸೇತುವಿ ಕೀಳಾಕ ಒಬ್ಬಾತ ಗ್ಯಾಸ್ ಕಟರ್ ತಗಂಡು ಬಂದಿದ್ದ. ಹಿಂದಿ ಮಾತಾಡೋನು, ದೂರದ ಸೀಮ್ಯಾಂವ, ನಮ್ಮೂರ ಸುದ್ದಿ ಒಂದೂ ಗೊತ್ತಿಲ್ಲ. ಕಂಬ ಹತ್ತಿದ, ಕಟರ್ ಹಚ್ಚಿದ, ಮತ್ತ ಆರಿಸಿ ಇಳದು ಬಂದ. ಮೇಸ್ತ್ರಿ ಬೈದ, 'ಯಾಕಲೇ, ಏನಾತು?' ಅಂದ. ಆತ ಹೊಳಿ ನಡುವಕ್ಕ ಕೈ ಮಾಡಿ ಏನಂದ ಗೊತ್ತೈತೇನು? 'ಮೊದ್ಲು ಆ ಅಮ್ಮನ್ನ ಇಳಿಸ್ರಿ, ಆಮ್ಯಾಲೆ ಹಗ್ಗ ಕೊಯ್ತೀನಿ' ಅಂದ... ಇಡೀ ಊರು ದಂಡಿ ಮ್ಯಾಲೆ ನಿಂತಿತ್ತು. ಇಳಸಾಕ ಒಬ್ಬರೂ ಹೋಗ್ಲಿಲ್ಲ."